ಮೇಜಿನ ಮೇಲೆ ಒಂದೇ ಸ್ಲೇಟು

“ನಲವತ್ತೇಳೂ ನಲವತ್ತೆಂಟೂ ಒಂದೇ ಇದೆಯಲ್ಲಪ್ಪಾ” ಎಂದರು ಮೇಷ್ಟ್ರು ಫೋನಿನಲ್ಲಿ.

ಹಳೆಯ ಅಡುಗೆ ಪುಸ್ತಕವೊಂದನ್ನು ನಾವಿಬ್ಬರೂ ಸೇರಿ ಡಿಜಿಟಲ್ ಮಾಡುತ್ತಿದ್ದೆವು. ಅಚ್ಚುಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದ ಪುಸ್ತಕ, 312 ಪುಟ. ಸ್ಕ್ಯಾನ್ ಮಾಡಿ, ಓಸಿಆರ್ ಹಾಕಿ, ಚಿತ್ರದೊಳಗಿನ ಅಕ್ಷರಗಳನ್ನು ಪಠ್ಯವಾಗಿಸುವುದು ನನ್ನ ಪಾಲು. ಕರಡು ತಿದ್ದುವುದು ಅವರ ಪಾಲು.

“ಹಾಗಾಗಲ್ಲ ಸಾರ್. ಒಂದು ಪುಟಕ್ಕೆ ಒಂದು ಫೈಲು, ಮೆಷೀನು ಮಾಡೋ ಕೆಲಸ ಅದು” ಎಂದೆ.

“ಆಗಿದೆಯಲ್ಲ. ಎರಡೂ ಫೈಲಲ್ಲಿ ಮಜ್ಜಿಗೆಹುಳಿ ಇದೆ. ನನ್ನ ಕೈಲಿರೋ ಪುಸ್ತಕದಲ್ಲಿ ನಲವತ್ತೇಳನೇ ಪುಟ ಗೊಜ್ಜು.”

ಮತ್ತೆ ಓಡಿಸಿದೆ. ಈ ಸಲ 47 ಸರಿಯಾಗಿತ್ತು. 203ನೇ ಪುಟ ಕಾಣೆಯಾಗಿ ಅದರ ಜಾಗದಲ್ಲಿ 205 ಕುಳಿತಿತ್ತು. ಮೂರನೆಯ ಸಲ ಎಲ್ಲ ಪುಟಗಳೂ ಸರಿ. ನಾಲ್ಕನೆಯ ಸಲ ಪ್ರೋಗ್ರಾಂ ಅರ್ಧದಲ್ಲೇ ಕುಸಿದುಬಿತ್ತು. ಒಂದೇ ಕಂಪ್ಯೂಟರ್, ಅದೇ ಪುಟಗಳು, ಅದೇ ಪ್ರೋಗ್ರಾಂ. ಆದರೂ ದಿನಕ್ಕೊಂದು ಬುದ್ಧಿ.

ಕಾರಣ ನಾನೇ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಇವೆ, ಮೂರು ಸುಮ್ಮನೆ ಕುಳಿತಿವೆ ಎಂಬ ಸಂಕಟಕ್ಕೆ ನಾಲ್ಕು ಪುಟಗಳನ್ನು ಏಕಕಾಲಕ್ಕೆ ಓದಿಸಲು ಹೊರಟಿದ್ದೆ. ನಾಲ್ಕು ಥ್ರೆಡ್ ಹುಟ್ಟಿಸಿ, ನಾಲ್ಕಕ್ಕೂ ಒಂದೇ ಓಸಿಆರ್ ಯಂತ್ರವನ್ನು ಕೊಟ್ಟಿದ್ದೆ.

ಥ್ರೆಡ್ ಅಂದರೆ ಎಳೆ. ಪ್ರೋಗ್ರಾಂ ಎಂದರೆ ಒಂದರ ಹಿಂದೊಂದು ಪಾಲಿಸಬೇಕಾದ ಆಜ್ಞೆಗಳ ಪಟ್ಟಿ ತಾನೆ? ಆ ಪಟ್ಟಿಯ ಮೇಲೆ ಬೆರಳಿಟ್ಟು ಸಾಗುವ ಒಂದು ಓಟವೇ ಒಂದು ಎಳೆ. ಅದೇ ಪಟ್ಟಿಯ ಮೇಲೆ ನಾಲ್ಕು ಬೆರಳುಗಳು ನಾಲ್ಕು ಕಡೆ ಓಡುತ್ತಿದ್ದರೆ ನಾಲ್ಕು ಎಳೆ. ಬೆರಳುಗಳೇನೋ ಬೇರೆ ಬೇರೆ. ಆದರೆ ಅವೆಲ್ಲ ಬರೆದುಕೊಳ್ಳುವ ಮೆಮೊರಿ ಒಂದೇ. ಪ್ರೋಸೆಸ್ ಎಂಬುದು ಇದಕ್ಕಿಂತ ಬೇರೆ. ಒಂದೇ ಪ್ರೋಗ್ರಾಮನ್ನು ನಾಲ್ಕು ಪ್ರೋಸೆಸ್‌ಗಳಾಗಿ ಓಡಿಸಿದರೆ ಆಪರೇಟಿಂಗ್ ಸಿಸ್ಟಂ ಪ್ರತಿಯೊಂದಕ್ಕೂ ಅದರದೇ ಮೆಮೊರಿ ಕೊಟ್ಟು ನಡುವೆ ಗೋಡೆ ಎಬ್ಬಿಸುತ್ತದೆ. ಎಳೆಗಳ ನಡುವೆ ಗೋಡೆಯಿಲ್ಲ. ಗೋಡೆಯಿಲ್ಲದ್ದರಿಂದಲೇ ಅವು ಹಗುರ, ಅಗ್ಗ, ಚುರುಕು. ಅಪಾಯ ಬರುವುದೂ ಅದೇ ಬಾಗಿಲಿನಿಂದ.

ಪ್ರೆಸ್ಸೊಂದರಲ್ಲಿ ಕರಡು ತಿದ್ದುವ ಕೋಣೆಯನ್ನು ಊಹಿಸಿಕೊಳ್ಳಿ. ಒಬ್ಬರೇ ಕೂತು ಕೆಲಸ ಮಾಡುತ್ತಾರೆ. ಮೇಜಿನ ಮೇಲೊಂದು ಸ್ಲೇಟು. ಈಗ ಯಾವ ಪುಟ, ಎಷ್ಟನೇ ಸಾಲು, ಇದುವರೆಗೆ ಎಷ್ಟು ತಪ್ಪು ಎಂಬುದನ್ನೆಲ್ಲ ಅದರ ಮೇಲೆ ಗೀಚಿಕೊಳ್ಳುತ್ತಾರೆ. ಕಾಫಿ ಕುಡಿದು ಬಂದು ಸ್ಲೇಟು ನೋಡಿದರೆ ಸಾಕು, ಬಿಟ್ಟಲ್ಲಿಂದ ಮುಂದುವರಿಯಬಹುದು. ಈಗ ಅದೇ ಮೇಜಿಗೆ ಇನ್ನೂ ಮೂವರನ್ನು ಕೂರಿಸಿ, ಸ್ಲೇಟು ಮಾತ್ರ ಒಂದೇ ಇರಲಿ. ಒಬ್ಬರು “ಪುಟ 47” ಎಂದು ಬರೆದು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದವರು ಅದನ್ನು ಅಳಿಸಿ “ಪುಟ 48” ಎಂದು ಬರೆದಿರುತ್ತಾರೆ. ಮೊದಲಿನವರು ತಲೆಯೆತ್ತಿ ನೋಡಿ, ಓಹೋ ನಲವತ್ತೆಂಟು ಎಂದುಕೊಂಡು ಕೆಲಸ ಮುಂದುವರಿಸುತ್ತಾರೆ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಕೆಲಸದಲ್ಲೂ ಲೋಪವಿಲ್ಲ. ಪುಸ್ತಕದಲ್ಲಿ ಮಾತ್ರ ಗೊಜ್ಜು ಹೋಗಿ ಎರಡು ಸಲ ಮಜ್ಜಿಗೆಹುಳಿ ಬರುತ್ತದೆ.

ಪ್ರೋಗ್ರಾಂ ಬರೆಯುವವರ ಬಾಯಲ್ಲಿ ಈ ಸ್ಲೇಟಿಗೆ ಗ್ಲೋಬಲ್ ವೇರಿಯಬಲ್ ಎಂದು ಹೆಸರು. ಪ್ರೋಗ್ರಾಮಿನ ಯಾವ ಮೂಲೆಯಿಂದ ಬೇಕಾದರೂ ಓದಬಹುದಾದ, ಯಾವ ಮೂಲೆಯಿಂದ ಬೇಕಾದರೂ ಬರೆಯಬಹುದಾದ ಜಾಗ. ಹಲವು ಎಳೆಗಳು ಒಟ್ಟಿಗೆ ಬಳಸಿದರೂ ಉತ್ತರ ಕೆಡದ ಹಾಗೆ ಬರೆದ ಲೈಬ್ರರಿಯನ್ನು ಥ್ರೆಡ್ ಸೇಫ್ ಎನ್ನುತ್ತಾರೆ. (ಲೈಬ್ರರಿ ಎಂದರೆ ಇಲ್ಲಿ ಗ್ರಂಥಾಲಯವಲ್ಲ, ಬೇರೆಯವರ ಪ್ರೋಗ್ರಾಮುಗಳು ಕರೆದು ಬಳಸಿಕೊಳ್ಳಲೆಂದು ಬರೆದಿಟ್ಟ ಸಿದ್ಧ ಕೋಡಿನ ಗಂಟು.)

ಸ್ಲೇಟಿನ ಮೇಲಿನ ತಿಕ್ಕಾಟ ಎಷ್ಟು ಸಣ್ಣ ಸಂದಿಯಲ್ಲಿ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮುಗಿದ ಪುಟಗಳನ್ನು ಎಣಿಸುವ ಒಂದು ಲೆಕ್ಕ ಇದೆ ಎನ್ನೋಣ. “ಎಣಿಕೆಗೆ ಒಂದು ಕೂಡಿಸು” ಎಂದು ನಾವು ಒಂದೇ ಸಾಲು ಬರೆಯುತ್ತೇವೆ. ಸಾಮಾನ್ಯವಾಗಿ ಅದು ಒಳಗೆ ಮೂರು ಕೆಲಸವಾಗಿ ಒಡೆಯುತ್ತದೆ: ಮೆಮೊರಿಯಿಂದ ಅಂಕಿಯನ್ನು ಓದಿಕೋ, ಒಂದು ಕೂಡಿಸು, ವಾಪಸ್ ಬರೆ. ಈಗ ಎಣಿಕೆ 41. ಮೊದಲ ಎಳೆ 41 ಎಂದು ಓದಿಕೊಂಡಿತು. ಅದು ಕೂಡಿಸುವ ಮೊದಲೇ ಎರಡನೆಯ ಎಳೆಯೂ ಬಂದು ಓದಿತು. ಅದಕ್ಕೂ ಕಂಡದ್ದು 41. ಮೊದಲನೆಯದು 42 ಬರೆಯಿತು. ಎರಡನೆಯದೂ 42 ಬರೆಯಿತು. ಮುಗಿದದ್ದು ಎರಡು ಪುಟ, ಏರಿದ್ದು ಒಂದು. ಯಾರು ಮೊದಲು ತಲುಪಿದರು ಎಂಬುದರ ಮೇಲೆ ಉತ್ತರ ನಿಂತಿರುವ ಈ ಸ್ಥಿತಿಯನ್ನು ಇಂಗ್ಲಿಷಿನವರು ರೇಸ್ ಕಂಡಿಷನ್ ಎನ್ನುತ್ತಾರೆ. ನಾವು ಪೈಪೋಟಿ ಎನ್ನೋಣ. ಸಂದಿ ಇರುವುದು ನ್ಯಾನೋಸೆಕೆಂಡುಗಳಷ್ಟು. ಲಕ್ಷ ಸಲ ಯಾರೂ ಆ ಸಂದಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಲಕ್ಷದ ಒಂದನೆಯ ಸಲ ಸಿಕ್ಕಿಕೊಳ್ಳುತ್ತಾರೆ.

ಇದು ಎಳೆಗಳ ಕಾಲಕ್ಕಿಂತ ಹಳೆಯ ಪಿಡುಗು. ಸಿ ಭಾಷೆಯಲ್ಲಿ ಒಂದು ವಾಕ್ಯವನ್ನು ತುಂಡು ತುಂಡಾಗಿ ಕತ್ತರಿಸಿಕೊಡುವ ಎಸ್‌ಟಿಆರ್‌ಟೋಕ್ ಎಂಬ ಫಂಕ್ಷನ್ ಇದೆ. ಮೊದಲ ಸಲ ವಾಕ್ಯ ಕೊಟ್ಟು ಕರೆದರೆ ಮೊದಲ ಪದ ಸಿಗುತ್ತದೆ. ಆಮೇಲೆ ಏನೂ ಕೊಡದೆ ಸುಮ್ಮನೆ ಕರೆಯುತ್ತಿದ್ದರೆ ಎರಡನೆಯದು, ಮೂರನೆಯದು. ಎಲ್ಲಿಗೆ ನಿಲ್ಲಿಸಿದ್ದೆ ಎಂಬುದನ್ನು ಅದು ಯಾರಿಗೂ ಹೇಳದೆ ತನ್ನೊಳಗೇ ಗುರುತು ಹಾಕಿಟ್ಟುಕೊಂಡಿರುತ್ತದೆ. ಬಳಸುವವರಿಗೆ ಹಾಯೆನಿಸುವ ಏರ್ಪಾಡು. ಆದರೆ ಗುರುತು ಒಂದೇ! ಇಬ್ಬರು ಎರಡು ವಾಕ್ಯ ಕತ್ತರಿಸಲು ಕೂತರೆ ಒಬ್ಬರ ವಾಕ್ಯದ ಬಾಲ ಇನ್ನೊಬ್ಬರ ಕೈಗೆ ಬರುತ್ತದೆ. ಕೊನೆಗೆ ಆ ಗುರುತನ್ನು ಕರೆಯುವವರೇ ಕೈಯಲ್ಲಿ ಹಿಡಿದುಕೊಳ್ಳುವಂಥ ಇನ್ನೊಂದು ಫಂಕ್ಷನ್ ತಂದು, ಹೆಸರಿನ ತುದಿಗೆ ಒಂದು ‘ಆರ್’ ಅಂಟಿಸಿದರು. ಥ್ರೆಡ್ ಸೇಫ್ ಮಾಡುವ ವಿದ್ಯೆಯ ಬಹುಪಾಲು ಈ ಒಂದು ‘ಆರ್’ನಲ್ಲೇ ಅಡಗಿದೆ ಎಂದು ನನಗೆ ಅನ್ನಿಸುತ್ತದೆ: ಗುರುತನ್ನು ಸಾರ್ವಜನಿಕ ಸ್ಲೇಟಿನಿಂದ ಎತ್ತಿ ಅವರವರ ಜೇಬಿಗೆ ಹಾಕುವುದು.

ನಾನು ಬಳಸಿದ್ದ ಓಸಿಆರ್ ಲೈಬ್ರರಿಯ ಹೆಸರು ಟೆಸರಾಕ್ಟ್. ಉಚಿತವಾಗಿ ಸಿಗುವ ಓಸಿಆರ್‌ಗಳಲ್ಲಿ ಇದರಷ್ಟು ಬಳಕೆಯಲ್ಲಿರುವುದು ಕಡಿಮೆ. ಅದರ ಜಾತಕ ನೋಡಿದರೆ ಸ್ಲೇಟು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದಲ್ಲಿ ರೇ ಸ್ಮಿತ್ ಅವರ ಪಿಎಚ್.ಡಿ. ಸಂಶೋಧನೆಯಾಗಿ ಅದು ಶುರುವಾಯಿತು. ಕಂಪನಿಯ ಸ್ಕ್ಯಾನರುಗಳ ಜೊತೆಗೆ ಮಾರಬಹುದು ಎಂಬ ಆಸೆಯಿಂದ ಬೆಳೆಯಿತು. 1985ರಿಂದ 1994ರವರೆಗೆ ಕೆಲಸ ನಡೆಯಿತು. 1995ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನ ನೆವಾಡಾ ವಿಶ್ವವಿದ್ಯಾಲಯ ನಡೆಸಿದ ಓಸಿಆರ್ ಪರೀಕ್ಷೆಗೆ ಹೋಗಿ, ದುಡ್ಡು ಕೊಟ್ಟು ಕೊಳ್ಳಬೇಕಾದ ಯಂತ್ರಗಳ ಸಾಲಿನಲ್ಲಿ ಎದೆಯೆತ್ತಿ ನಿಂತಿತು. ಅಷ್ಟಾದರೂ ಮಾರುಕಟ್ಟೆಗೆ ಬರಲಿಲ್ಲ. ಹತ್ತು ವರ್ಷ ಮೂಲೆಗೆ ಬಿತ್ತು. 2005ರಲ್ಲಿ ಕಂಪನಿ ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು, ಮರುವರ್ಷದಿಂದ ಗೂಗಲ್ ಅದರ ಪೋಷಣೆಗೆ ನಿಂತಿತು.

1985ರ ಮೇಜಿನ ಮೇಲಿನ ಕಂಪ್ಯೂಟರಿಗೆ ಇದ್ದದ್ದು ಒಂದೇ ಕೋರ್. ಎಳೆಗಳನ್ನು ಹುಟ್ಟಿಸುವ ಯುನಿಕ್ಸ್ ಪ್ರಮಾಣಕವೇ ಬಂದದ್ದು 1995ರಲ್ಲಿ. ಮನೆಬಳಕೆಯ ಕಂಪ್ಯೂಟರುಗಳಿಗೆ ಎರಡು ಕೋರಿನ ಚಿಪ್ ಬಂದದ್ದು 2005ರಲ್ಲಿ. ಒಬ್ಬರೇ ಕೂರುವ ಕೋಣೆಗೆ ಒಂದೇ ಸ್ಲೇಟು ಸಾಕು. ಅದನ್ನು ಇಟ್ಟವರದು ತಪ್ಪಲ್ಲ. ಒಂದು ಕಡೆ ಬರೆದದ್ದು ಎಲ್ಲ ಕಡೆಗೂ ಕಾಣುವುದರಿಂದ ಸಿ ಭಾಷೆಯ ಆ ತಲೆಮಾರಿನವರು ಗ್ಲೋಬಲ್ ವೇರಿಯಬಲ್‌ಗಳನ್ನು ಧಾರಾಳವಾಗಿ ಬಳಸಿದರು. ಟೆಸರಾಕ್ಟಿನ ಕೋಡಿನ ಉದ್ದಕ್ಕೂ ಅಂಥ ಸ್ಲೇಟುಗಳು ಹರಡಿಕೊಂಡಿದ್ದವು.

ಅವನ್ನು ಹೆಕ್ಕಿ ತೆಗೆದದ್ದು 2011ರ 3.01 ಆವೃತ್ತಿಯಲ್ಲಿ. ಮುಖ್ಯವಾದ ಗ್ಲೋಬಲ್‌ಗಳನ್ನು ಒಂದೊಂದಾಗಿ ಕಿತ್ತು ಆಯಾ ಕ್ಲಾಸಿನ, ಅಂದರೆ ಯಂತ್ರ ಹುಟ್ಟಿಸುವ ಅಚ್ಚಿನ, ಒಳಕ್ಕೆ ಸರಿಸಿದರು. ಇದರಿಂದ ಆದದ್ದೇನೆಂದರೆ, ‘ಟೆಸ್‌ಬೇಸ್‌ಎಪಿಐ’ ಎಂಬ ಓಸಿಆರ್ ಯಂತ್ರವನ್ನು ಎಷ್ಟು ಸಲ ಹುಟ್ಟಿಸಿದರೂ ಪ್ರತಿಯೊಂದು ತನ್ನ ಸ್ಲೇಟನ್ನು ತನ್ನ ಕಂಕುಳಲ್ಲೇ ಇಟ್ಟುಕೊಂಡು ಹುಟ್ಟುತ್ತದೆ. ನಾಲ್ಕು ಎಳೆಗೆ ನಾಲ್ಕು ಯಂತ್ರ ಕೊಟ್ಟರೆ ಜಗಳವಿಲ್ಲ. ಆವೃತ್ತಿಯ ಟಿಪ್ಪಣಿಯಲ್ಲಿ ಥ್ರೆಡ್ ಸೇಫ್ ಎಂಬುದನ್ನು ಆಶ್ಚರ್ಯಸೂಚಕ ಚಿಹ್ನೆ ಹಾಕಿಯೇ ಸಾರಿದರು. ಜೊತೆಗೆ ಒಂದು ಷರಾ: ಕೆಲವು ನಿಯಂತ್ರಣ ಗುಂಡಿಗಳು ಈಗಲೂ ಗ್ಲೋಬಲ್ ಆಗಿಯೇ ಇವೆ, ಒಂದು ಎಳೆ ತಿರುವಿದರೆ ಎಲ್ಲ ಎಳೆಗಳಿಗೂ ತಿರುಗುತ್ತದೆ.

ನಾನು ಟಿಪ್ಪಣಿಯ ಮೊದಲರ್ಧ ಓದಿ, ಥ್ರೆಡ್ ಸೇಫ್ ಅಂತೆ ಎಂದು ಖುಷಿಪಟ್ಟು, ಒಂದೇ ಯಂತ್ರವನ್ನು ನಾಲ್ಕು ಎಳೆಗಳಿಗೆ ಹಂಚಿದೆ. ಹಲವು ಯಂತ್ರಗಳನ್ನು ಒಟ್ಟಿಗೆ ಓಡಿಸಬಹುದು ಎಂಬುದಕ್ಕೂ ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಓಡಿಸಬಹುದು ಎಂಬುದಕ್ಕೂ ಅಜಗಜಾಂತರ. ಯಂತ್ರವನ್ನು ಬಳಸುವ ಕ್ರಮ ಹೀಗೆ: ಮೊದಲು ‘ಸೆಟ್‌ಇಮೇಜ್’ ಎಂದು ಪುಟದ ಚಿತ್ರ ಕೊಡಬೇಕು, ಆಮೇಲೆ ‘ಗೆಟ್‌ಯುಟಿಎಫ್8ಟೆಕ್ಸ್ಟ್’ ಎಂದು ಪಠ್ಯ ಕೇಳಬೇಕು. ಎರಡು ಕರೆಗಳ ನಡುವೆ ಯಂತ್ರ ಆ ಚಿತ್ರವನ್ನು ನೆನಪಿಟ್ಟುಕೊಂಡಿರುತ್ತದೆ. ನನ್ನ ಒಂದು ಎಳೆ ಗೊಜ್ಜಿನ ಪುಟ ಕೊಟ್ಟಿತು. ಅದು ಪಠ್ಯ ಕೇಳುವ ಮುಂಚೆ ಇನ್ನೊಂದು ಎಳೆ ಮಜ್ಜಿಗೆಹುಳಿಯ ಪುಟ ಕೊಟ್ಟಿತು. ಯಂತ್ರ ಹಳೆಯ ಚಿತ್ರ ಬಿಸಾಕಿ ಹೊಸದನ್ನು ಇಟ್ಟುಕೊಂಡಿತು. ಆಮೇಲೆ ಇಬ್ಬರೂ ಕೇಳಿದರು, ಇಬ್ಬರಿಗೂ ಮಜ್ಜಿಗೆಹುಳಿ. ಒಂದು ಎಳೆ ಅಕ್ಷರ ಬಿಡಿಸುತ್ತಿರುವಾಗಲೇ ಇನ್ನೊಂದು ಬಂದು ಚಿತ್ರವನ್ನು ಕಿತ್ತುಕೊಂಡರೆ, ಇಲ್ಲದ ಮೆಮೊರಿಯನ್ನು ಮುಟ್ಟಲು ಹೋಗಿ ಪ್ರೋಗ್ರಾಂ ಕುಸಿಯುತ್ತದೆ. ಕುಸಿದ ಆ ನಾಲ್ಕನೆಯ ಸಲವೇ ಒಳ್ಳೆಯದಿತ್ತು ಎಂದು ಆಮೇಲೆ ಅರ್ಥವಾಯಿತು. ಏನೋ ಕೆಟ್ಟಿದೆ ಎಂದು ಅದು ಬಾಯಿಬಿಟ್ಟು ಹೇಳಿತ್ತು. ಸುಳ್ಳು ಹೇಳಿದ್ದು ಕುಸಿಯದೆ ಮುಗಿದ ಮೊದಲೆರಡು ಸಲ.

ಹಾಗಾದರೆ ಬೀಗ ಹಾಕಬಾರದೇ ಎಂದು ಯಾರಾದರೂ ಕೇಳುತ್ತಾರೆ. ಹಾಕಬಹುದು. ಒಂದು ಸಲಕ್ಕೆ ಒಬ್ಬರು ಮಾತ್ರ ಒಳಗೆ ಬರುವಂತೆ ಮಾಡುವುದು ಹೇಗೆ ಎಂಬ ಒಗಟನ್ನು ಹಾಲೆಂಡಿನ ಎಡ್ಸ್‌ಖರ್ ಡೈಕ್‌ಸ್ಟ್ರಾ 1965ರಲ್ಲೇ ಬಿಡಿಸಿ ತೋರಿಸಿದ್ದ. ಮ್ಯೂಟೆಕ್ಸ್ ಎಂಬ ಬೀಗ ಈಗ ಬಹುಪಾಲು ಭಾಷೆಗಳಲ್ಲಿ ಇದೆ. ಚಿತ್ರ ಕೊಡುವ ಮುನ್ನ ಬೀಗ ಹಾಕಿಕೊಂಡು, ಪಠ್ಯ ಕೈಗೆ ಬಂದ ಮೇಲೆ ತೆಗೆದರೆ ಮಜ್ಜಿಗೆಹುಳಿ ಎರಡು ಸಲ ಬರುವುದಿಲ್ಲ. ಆದರೆ ಉಳಿದ ಮೂರು ಎಳೆಗಳು ಹೊರಗೆ ಕ್ಯೂ ನಿಂತಿರುತ್ತವೆ. ನಾಲ್ಕು ಜನರನ್ನು ಕೆಲಸಕ್ಕಿಟ್ಟು ಒಂದೇ ಕುರ್ಚಿ ಕೊಟ್ಟ ಹಾಗೆ. ಇಷ್ಟಕ್ಕೆ ಎಳೆಗಳಾದರೂ ಯಾಕೆ?

ಎಲ್ಲವನ್ನೂ ಬೇರೆ ಮಾಡಬೇಕೆಂದೂ ಇಲ್ಲ. ಟೆಸರಾಕ್ಟಿನ ಹಳೆಯ ಓಸಿಆರ್ ಯಂತ್ರ, ಅಂದರೆ 4.0 ಆವೃತ್ತಿಗೆ ಮೊದಲು ಇದ್ದದ್ದು, ಭಾಷೆಯ ನಿಘಂಟನ್ನು ಡಾಗ್ ಎಂಬ ಜಾಲದ ರೂಪದಲ್ಲಿ ಇಟ್ಟುಕೊಳ್ಳುತ್ತದೆ. (ನಾಯಿಗೂ ಅದಕ್ಕೂ ಸಂಬಂಧವಿಲ್ಲ, ಒಂದೇ ರೀತಿ ಶುರುವಾಗುವ, ಒಂದೇ ರೀತಿ ಮುಗಿಯುವ ಪದಗಳು ದಾರಿ ಹಂಚಿಕೊಂಡು ಜಾಗ ಉಳಿಸುವ ಉಪಾಯ.) ಡಿಸ್ಕಿನಿಂದ ಅದನ್ನು ಎತ್ತಿ ತರುವುದು ದುಬಾರಿ. ಅದಕ್ಕೇ ಎಲ್ಲ ಯಂತ್ರಗಳಿಗೂ ಸೇರಿ ಒಂದೇ ನಿಘಂಟಿನ ಕಪಾಟು. ಇದೂ ಗ್ಲೋಬಲ್ಲೇ, ಆದರೂ ಅಪಾಯವಿಲ್ಲ: ಮೇಜಿನ ನಡುವೆ ನಿಘಂಟು ತೆರೆದಿಟ್ಟರೆ ನಾಲ್ವರೂ ಇಣುಕಿ ನೋಡಬಹುದು, ಯಾರೂ ಅದರಲ್ಲಿ ಬರೆಯುವುದಿಲ್ಲವಲ್ಲ. ಕಪಾಟಿನಿಂದ ತೆಗೆಯುವ, ಇಡುವ ಕ್ಷಣಕ್ಕೆ ಮಾತ್ರ ಬೀಗ; ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಲೆಕ್ಕ ಇಟ್ಟು, ಯಾರಿಗೂ ಬೇಡವಾದದ್ದನ್ನು ಆಮೇಲೆ ಖಾಲಿ ಮಾಡುತ್ತದೆ. ಹಂಚಿಕೊಂಡದ್ದರಿಂದ ಕೆಡುಕಿಲ್ಲ, ಹಂಚಿಕೊಂಡದ್ದರ ಮೇಲೆ ಬರೆದರೆ ಕೆಡುಕು.

ಬರೆಯುವುದನ್ನೇ ಕಸುಬು ಮಾಡಿಕೊಂಡ ಭಾಗವೊಂದು ಟೆಸರಾಕ್ಟಿನ ಹಳೆಯ ಯಂತ್ರದಲ್ಲಿತ್ತು, ಮತ್ತು ಅದು ನನಗೆ ತುಂಬ ಇಷ್ಟವಾದ ಭಾಗ. ಓದುತ್ತ ಹೋದಂತೆ ಅದು ಕಲಿಯುತ್ತಿತ್ತು. ಪುಟದ ಮೇಲಿನಿಂದ ಪದಗಳನ್ನು ಗುರುತಿಸುತ್ತ ಬರುವಾಗ, ಧೈರ್ಯವಾಗಿ ಗುರುತಿಸಿದ ಪದಗಳ ಅಕ್ಷರಗಳನ್ನು ಒಂದು ಪುಟ್ಟ ಕಲಿಕೆಯ ಯಂತ್ರಕ್ಕೆ ಪಾಠವಾಗಿ ಕೊಡುತ್ತಿತ್ತು: ಈ ಅಚ್ಚಿನಲ್ಲಿ ‘ಎ’ ಅಕ್ಷರದ ಹೊಟ್ಟೆ ಹೀಗಿರುತ್ತದೆ, ‘ಜಿ’ಯ ಬಾಲ ಹೀಗೆ ಬಾಗುತ್ತದೆ. ಪುಟದ ಕೆಳಭಾಗಕ್ಕೆ ಬರುವಷ್ಟರಲ್ಲಿ ಆ ಅಚ್ಚು ಅದಕ್ಕೆ ರೂಢಿಯಾಗಿರುತ್ತಿತ್ತು. ಆದರೆ ಮೇಲ್ಭಾಗ ಓದುವಾಗ ಪಾಠ ಇನ್ನೂ ಆಗಿರಲಿಲ್ಲವಲ್ಲ? ಅದಕ್ಕೇ ಪುಟವನ್ನು ಎರಡನೆಯ ಸಲ ಹಾಯ್ದು, ಮೊದಲು ತಡವರಿಸಿದ ಪದಗಳನ್ನು ಈಗಿನ ತಿಳಿವಳಿಕೆಯಿಂದ ಮತ್ತೆ ಓದುತ್ತಿತ್ತು. ಅನುಭವಿ ಪ್ರೂಫ್ ರೀಡರ್ ಮಾಡುವುದೂ ಇದನ್ನೇ. ನಮ್ಮ ಮೇಷ್ಟ್ರೂ ಆ ಅಡುಗೆ ಪುಸ್ತಕದ ಮೊದಲ ಇಪ್ಪತ್ತು ಪುಟ ತಿದ್ದಿದ ಮೇಲೆ, “ಈ ಪ್ರೆಸ್ಸಿನ ‘ಧ’ಕ್ಕೆ ಹೊಟ್ಟೆ ಸೀಳೋದು ಕಾಣಲ್ಲ, ಹಿಂದಿನದೆಲ್ಲ ಮತ್ತೆ ನೋಡ್ಬೇಕು” ಎಂದು ಹಿಂದಕ್ಕೆ ಹೋಗಿದ್ದರು.

ಕಲಿಯುವ ಯಂತ್ರಕ್ಕೆ ನೆನಪು ಬೇಕು, ನೆನಪು ಎಂದರೆ ಬರೆದಿಟ್ಟದ್ದು, ಬರೆದಿಟ್ಟದ್ದು ಎಂದರೆ ಮತ್ತೆ ಸ್ಲೇಟು. ಬೇರೆ ಬೇರೆ ಯಂತ್ರ ಕೊಟ್ಟು ಜಗಳ ಬಿಡಿಸಿದರೂ ಒಂದು ವಿಚಿತ್ರ ಉಳಿಯುತ್ತದೆ. ನೂರು ಪುಟವನ್ನು ಒಂದೇ ಯಂತ್ರ ಸಾಲಾಗಿ ಓದಿದರೆ ನೂರನೆಯ ಪುಟಕ್ಕೆ ತೊಂಬತ್ತೊಂಬತ್ತು ಪುಟದ ಅನುಭವ ಜೊತೆಗಿರುತ್ತದೆ. ನಾಲ್ಕು ಯಂತ್ರಗಳು ಹಂಚಿಕೊಂಡು ಓದಿದರೆ ಪ್ರತಿಯೊಂದಕ್ಕೂ ಬೇರೆ ಅನುಭವ. ಯಾವ ಪುಟ ಯಾರ ಪಾಲಿಗೆ ಬಿತ್ತು ಎಂಬುದರ ಮೇಲೆ ಉತ್ತರ ಅಲ್ಪಸ್ವಲ್ಪ ಬದಲಾಗಬಹುದು. ಇಲ್ಲಿ ಯಾವ ಎಳೆಯೂ ಯಾರ ಮೆಮೊರಿಯನ್ನೂ ತುಳಿದಿಲ್ಲ. ನಿಯಮದ ಪ್ರಕಾರ ಎಲ್ಲವೂ ಥ್ರೆಡ್ ಸೇಫ್. ಆದರೂ ಇವತ್ತಿನ ಫಲಿತಾಂಶ ನಾಳೆಗಿಲ್ಲ. ಬೇಕೆಂದರೆ ಪುಟ ಪುಟಕ್ಕೂ ಕಲಿತದ್ದನ್ನು ಮರೆಸಿಬಿಡುವ ಕರೆ ಆ ಲೈಬ್ರರಿಯಲ್ಲಿದೆ. ಆಗ ಉತ್ತರ ಸ್ಥಿರವಾಗುತ್ತದೆ, ಅನುಭವ ಹೋಗುತ್ತದೆ.

ಸ್ಲೇಟು ಲೈಬ್ರರಿಯ ಒಳಗೇ ಇರಬೇಕೆಂದಿಲ್ಲ. 2018ರ ಅಕ್ಟೋಬರಿನಲ್ಲಿ ಬಂದ ಟೆಸರಾಕ್ಟ್ 4.0 ಕೆಲವರ ಕಂಪ್ಯೂಟರಿನಲ್ಲಿ ಶುರುವಾಗುತ್ತಲೇ ನಿಂತುಬಿಡುತ್ತಿತ್ತು. ಕಾರಣ, ದಶಾಂಶದ ಚುಕ್ಕೆ. ಜರ್ಮನಿಯಲ್ಲಿ ಅರ್ಧವನ್ನು ಬರೆಯುವುದು ಸೊನ್ನೆ ಅಲ್ಪವಿರಾಮ ಐದು ಎಂದು. ನಮ್ಮ ಹಾಗೆ ಸೊನ್ನೆ ಚುಕ್ಕೆ ಐದು ಎಂದಲ್ಲ. ಕಂಪ್ಯೂಟರಿನ ಲೊಕೇಲ್ ಎಂಬ ವ್ಯವಸ್ಥೆ ಜರ್ಮನ್ ಎಂದಿದ್ದರೆ, ಸಿ ಭಾಷೆಯ ಫಂಕ್ಷನ್ನುಗಳು ಫೈಲಿನಲ್ಲಿರುವ 0.5 ಅನ್ನು ಸೊನ್ನೆಯವರೆಗೆ ಓದಿ ಚುಕ್ಕೆ ಕಂಡು ನಿಂತುಬಿಡುತ್ತವೆ. ಅಂಥ ಅನರ್ಥ ಆಗದಿರಲೆಂದು 4.0 ಆವೃತ್ತಿ ಮೊದಲೇ ಲೊಕೇಲ್ ಪರೀಕ್ಷಿಸಿ, ‘ಸಿ’ ಎಂಬ ಮೂಲ ಲೊಕೇಲ್ ಅಲ್ಲದಿದ್ದರೆ ಕೈಚೆಲ್ಲುತ್ತಿತ್ತು. ಓಡುವ ಮುನ್ನ ಲೊಕೇಲ್ ಬದಲಿಸಿ ಆಮೇಲೆ ವಾಪಸ್ ಇಟ್ಟರಾಯಿತಲ್ಲ? ಹಾಗೆಯೇ ಹಲವರು ಮಾಡಿದರು. ಆದರೆ ಲೊಕೇಲ್ ಬದಲಿಸುವ ಆ ಕರೆ ಇಡೀ ಪ್ರೋಸೆಸ್ಸಿಗೆ ಅನ್ವಯ. ಓಸಿಆರ್ ನಡೆಸುವ ಎಳೆ ಅದನ್ನು ತಿರುವಿದರೆ, ಪಕ್ಕದಲ್ಲಿ ಗಿರಾಕಿಯ ಬಿಲ್ ಅಚ್ಚು ಹಾಕುತ್ತಿರುವ ಎಳೆಯ ಅಲ್ಪವಿರಾಮವೂ ಚುಕ್ಕೆಯಾಗುತ್ತದೆ. ಮುಂದಿನ ಆವೃತ್ತಿಗಳಲ್ಲಿ ಅಂಕಿ ಓದುವ ಕೆಲಸವನ್ನೇ ಲೊಕೇಲಿನ ಹಂಗಿಲ್ಲದಂತೆ ಬರೆದು ಆ ತಡೆಯನ್ನು ತೆಗೆದರು.

ಅದೇ 4.0 ಇನ್ನೊಂದು ತಮಾಷೆಯನ್ನೂ ತಂದಿತ್ತು. ಒಂದು ಪುಟವನ್ನು ಬೇಗ ಮುಗಿಸಲು ಅದು ತಾನಾಗಿಯೇ, ಓಪನ್‌ಎಂಪಿ ಎಂಬ ಸಲಕರಣೆಯ ಮೂಲಕ, ನಾಲ್ಕು ಎಳೆಗಳವರೆಗೆ ಹುಟ್ಟಿಸಿಕೊಳ್ಳುತ್ತದೆ. ಅದು ಗೊತ್ತಿಲ್ಲದೆ ನಾವು ಹೊರಗಿನಿಂದ ನಾಲ್ಕು ಓಡಿಸಿದರೆ ಒಳಗೆ ಹದಿನಾರು. ನಾಲ್ಕು ಒಲೆಯ ಅಡುಗೆಮನೆಗೆ ಹದಿನಾರು ಜನ ನುಗ್ಗಿದ ಹಾಗೆ, ಒಬ್ಬರಿಗೊಬ್ಬರು ದಾರಿ ಬಿಡುವುದರಲ್ಲೇ ಹೊತ್ತು ಹೋಗುತ್ತದೆ. ಫಲಿತಾಂಶ ಕೆಡುವುದಿಲ್ಲ, ವೇಗ ಮಾತ್ರ ಒಬ್ಬನೇ ಮಾಡಿದ್ದಕ್ಕಿಂತ ಕಡೆಯಾಗಬಹುದು. ಓಎಂಪಿ ಥ್ರೆಡ್ ಲಿಮಿಟ್ ಎಂಬುದನ್ನು 1 ಎಂದು ಗೊತ್ತುಮಾಡಿ, ಕೋರಿಗೊಂದು ಪ್ರೋಸೆಸ್ ಓಡಿಸಿ ಎಂದು ಟೆಸರಾಕ್ಟಿನ ಕೈಪಿಡಿಯೇ ಹೇಳುತ್ತದೆ. ರಾಶಿ ಪುಟಗಳಿರುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ. ಅಚ್ಚರಿಯ ಸಂಗತಿ ಏನೆಂದರೆ, ಪೈಥಾನ್ ಭಾಷೆಯಲ್ಲಿ ಬರೆಯುವವರು ಬಳಸುವ ಪೈಟೆಸರಾಕ್ಟ್ ಎಂಬ ಸರಳ ಸಾಧನ ಮೊದಲಿನಿಂದಲೂ ಇದೇ ದಾರಿ ಹಿಡಿದಿದೆ. ಪ್ರತಿ ಚಿತ್ರಕ್ಕೂ ಅದು ಟೆಸರಾಕ್ಟನ್ನು ಹೊಸ ಪ್ರೋಸೆಸ್ ಆಗಿ ಹುಟ್ಟಿಸಿ, ಕೆಲಸ ಮುಗಿದೊಡನೆ ಸಾಯಿಸುತ್ತದೆ. ಜಾಣರು ಇದನ್ನು ದಡ್ಡತನ ಎಂದು ನಗುವುದುಂಟು. ಆ ದಡ್ಡನಿಗೆ ಗೊಜ್ಜು ಯಾವತ್ತೂ ಮಜ್ಜಿಗೆಹುಳಿಯಾಗುವುದಿಲ್ಲ.

ಪೈಪೋಟಿಯ ದೋಷಗಳನ್ನು ಹಿಡಿಯುವುದು ಯಾಕೆ ಅಷ್ಟು ಕಷ್ಟ? ನೋಡಲು ಹೋದರೆ ಅವು ಅಡಗುತ್ತವೆ. ಏನು ನಡೆಯುತ್ತಿದೆ ಎಂದು ತಿಳಿಯಲು ನಾನು ಹೆಜ್ಜೆ ಹೆಜ್ಜೆಗೂ ಒಂದು ಸಾಲು ಮುದ್ರಿಸುವಂತೆ ಪ್ರೋಗ್ರಾಮಿಗೆ ಹೇಳಿದೆ. ಮುದ್ರಿಸುವ ಆ ಚೂರು ಹೊತ್ತು ಎಳೆಗಳ ಲಯವನ್ನೇ ಬದಲಿಸಿ, ಸತತ ಹನ್ನೊಂದು ಸಲ ಎಲ್ಲ ಪುಟಗಳೂ ಸರಿಬಂದವು. ಮುದ್ರಣ ತೆಗೆದೆ, ಹನ್ನೆರಡನೆಯ ಸಲ ಮತ್ತೆ ಕೈಕೊಟ್ಟಿತು. ನನ್ನದು ಅಡುಗೆ ಪುಸ್ತಕ, ನಕ್ಕು ಸುಮ್ಮನಾಗಬಹುದು. 1985ರಿಂದ 1987ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರದಲ್ಲಿ ಆರು ಅವಘಡಗಳಾಗಿ, ಅಮೆರಿಕ ಮತ್ತು ಕೆನಡಾದ ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಅದರ ತಂತ್ರಾಂಶದ ದೋಷಗಳಲ್ಲಿ ಒಂದು ಇದೇ ಜಾತಿಯದು. ಆಪರೇಟರ್ ತಪ್ಪು ಬೆರಳಚ್ಚಿಸಿ, ಎಂಟು ಸೆಕೆಂಡಿನೊಳಗೆ ತಿದ್ದಿದರೆ ಮಾತ್ರ ತಿದ್ದುಪಡಿ ಯಂತ್ರದ ಇನ್ನೊಂದು ಭಾಗಕ್ಕೆ ತಲುಪುತ್ತಿರಲಿಲ್ಲ. ಹೊಸಬರು ನಿಧಾನವಾಗಿ ತಿದ್ದುತ್ತಿದ್ದರು, ಅವರಿಗೆ ಏನೂ ಆಗುತ್ತಿರಲಿಲ್ಲ. ಕೆಲಸ ಪಳಗಿ ಬೆರಳು ಚುರುಕಾದವರ ಕೈಯಲ್ಲೇ ಅದು ಹೊರಬಿತ್ತು.

ಈಗ ನಾವು ಬರೆದ ಕೋಡನ್ನು ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವ ಕ್ಲಾಂಗ್, ಜಿಸಿಸಿ ಎಂಬ ಕಂಪೈಲರುಗಳಲ್ಲಿ ಥ್ರೆಡ್‌ಸ್ಯಾನಿಟೈಸರ್ ಎಂಬ ಕಾವಲುಗಾರನಿದ್ದಾನೆ. ಅವನನ್ನು ಜೊತೆಗೆ ಕಟ್ಟಿ ಓಡಿಸಿದರೆ ಪ್ರೋಗ್ರಾಂ ಹಲವು ಪಟ್ಟು ನಿಧಾನವಾಗುತ್ತದೆ, ಆದರೆ ಎರಡು ಎಳೆಗಳು ಬೀಗವಿಲ್ಲದೆ ಒಂದೇ ಜಾಗ ಮುಟ್ಟಿ, ಅವುಗಳಲ್ಲಿ ಒಂದಾದರೂ ಬರೆದಿದ್ದರೆ ಸಾಲಿನ ಸಂಖ್ಯೆ ಸಮೇತ ಹಿಡಿದುಕೊಡುತ್ತಾನೆ. ಆ ಸಲ ಅನಾಹುತ ಆಗದಿದ್ದರೂ ಹಿಡಿಯುತ್ತಾನೆ ಎಂಬುದೇ ಅವನ ಹೆಚ್ಚುಗಾರಿಕೆ. ನನ್ನ ಪ್ರೋಗ್ರಾಮಿಗೆ ಕಟ್ಟಿದಾಗ ಪರದೆ ತುಂಬ ದೂರುಗಳು ಬಂದವು. ಎಲ್ಲದರ ತುದಿಯಲ್ಲೂ ಅದೇ ಯಂತ್ರ, ಅದೇ ಚಿತ್ರ.

ಎಳೆಗಳನ್ನೇ ಬಿಟ್ಟೆ. ನಾಲ್ಕು ಪ್ರೋಸೆಸ್, ಪ್ರತಿಯೊಂದಕ್ಕೂ ಎಪ್ಪತ್ತೆಂಟು ಪುಟ, ಓಎಂಪಿ ಮಿತಿ ಒಂದು. ಒಂದರ ಬದಲು ನಾಲ್ಕು ಸಲ ಕನ್ನಡ ಓದಲು ಕಲಿತ ಮಾದರಿ ಮೆಮೊರಿಗೆ ಏರಬೇಕು, ಏರಲಿ ಎಂದುಕೊಂಡೆ.

ಕನ್ನಡಕ್ಕೆ ಈಗ ಬಳಸುವ ಮಾದರಿ 4.0 ಜೊತೆ ಬಂದ ಹೊಸ ಬಗೆಯದು. ಎಲ್‌ಎಸ್‌ಟಿಎಂ (ಲಾಂಗ್ ಶಾರ್ಟ್ ಟರ್ಮ್ ಮೆಮೊರಿ) ಎಂಬ ನರಜಾಲ. 1997ರಲ್ಲಿ ಹಾಕ್‌ರೈಟರ್ ಮತ್ತು ಶ್ಮಿಡ್‌ಹೂಬರ್ ಪ್ರಕಟಿಸಿದ ವಿಧಾನ. ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸದೆ ಇಡೀ ಸಾಲನ್ನು ಒಂದು ಪಟ್ಟಿಯಂತೆ ಹಾಯ್ದು ಓದುತ್ತದೆ. ಕನ್ನಡಕ್ಕೆ ಇದು ವರವೇ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಬಿದ್ದಿರುತ್ತದೆ, ದೀರ್ಘ ಬಲಕ್ಕೆ ಚಾಚಿರುತ್ತದೆ, ಅರ್ಕಾವತ್ತು ಮೊದಲು ಉಚ್ಚರಿಸಿದ್ದನ್ನು ಆಮೇಲೆ ಬರೆಯುತ್ತದೆ. ಎಲ್ಲಿ ಕತ್ತರಿಸಬೇಕು ಎಂಬುದೇ ಹಳೆಯ ಪದ್ಧತಿಗಳಿಗೆ ತಲೆನೋವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡ ಲಿಪಿಗೆಂದೇ ‘ಲಿಪಿ ಜ್ಞಾನಿ’ ಎಂಬ ಓಸಿಆರ್ ಕಟ್ಟಿದವರೂ ಒತ್ತಕ್ಷರದ ಜೊತೆ ಗುದ್ದಾಡಬೇಕಾಯಿತು. ನರಜಾಲದ ಹೆಸರಲ್ಲೇ ‘ಮೆಮೊರಿ’ ಎಂಬ ಪದವಿದೆ, ಆದರೆ ಆ ನೆನಪು ಒಂದು ಸಾಲಿನ ಮಟ್ಟಿಗೆ ಮಾತ್ರ. ಸಾಲು ಮುಗಿದೊಡನೆ ಮರೆತು ಮುಂದಿನ ಸಾಲನ್ನು ಹೊಸದಾಗಿ ಓದುತ್ತದೆ. ತರಬೇತಿಯಲ್ಲಿ ಕಲಿತದ್ದೆಲ್ಲ ನಿಘಂಟಿನ ಹಾಗೆ ಓದಲಷ್ಟೇ. ಓದುತ್ತ ಓದುತ್ತ ಹೊಸದೇನನ್ನೂ ಬರೆದುಕೊಳ್ಳುವುದಿಲ್ಲ. ಹಳೆಯ ಯಂತ್ರ ಪುಟದಿಂದ ಪುಟಕ್ಕೆ ಜಾಣನಾಗುತ್ತಿತ್ತು. ಇದು ಹುಟ್ಟುವಾಗಲೇ ಅದಕ್ಕಿಂತ ಜಾಣ, ಆದರೆ ಮುನ್ನೂರ ಹನ್ನೆರಡನೆಯ ಪುಟದಲ್ಲೂ ಮೊದಲ ಪುಟದಷ್ಟೇ ಜಾಣ. ಯಾವ ಪುಟವನ್ನು ಯಾವ ಪ್ರೋಸೆಸ್ಸಿಗೆ ಕೊಟ್ಟರೂ ಅದಕ್ಕೆ ಒಂದೇ.

ರಾತ್ರಿ ಓಡಿಸಿಟ್ಟು ಬೆಳಿಗ್ಗೆ ಮೇಷ್ಟ್ರಿಗೆ ಫೈಲುಗಳನ್ನು ಕಳಿಸಿದೆ. ಮಧ್ಯಾಹ್ನ ಫೋನು ಬಂತು.

“ನಲವತ್ತೇಳರಲ್ಲಿ ಗೊಜ್ಜು ಬಂದಿದೆ. ಆದರೆ ‘ಧನಿಯ’ ಅನ್ನೋದನ್ನ ‘ದನಿಯ’ ಅಂತ ಓದಿದೆ. ಐವತ್ತೆರಡರಲ್ಲೂ ಅದೇ, ಅರವತ್ತರಲ್ಲೂ ಅದೇ. ಇಷ್ಟು ಪುಟ ಓದಿದ್ರೂ ಕಲೀಲಿಲ್ವಲ್ಲಪ್ಪಾ ಇದು.”

ಆ ಮೂರು ಪುಟಗಳನ್ನು ಇನ್ನೂ ಮೂರು ಸಲ ಓಡಿಸಿ ನೋಡಿದೆ. ಪ್ರತಿ ಸಲವೂ ಅದೇ ಮೂರು ಜಾಗದಲ್ಲಿ ಅದೇ ‘ದನಿಯ’. ನನಗೆ ನೆಮ್ಮದಿಯಾಯಿತು.